ಕೊನೆಯ ಬೆಂಚಿನ ಬೆಳ್ಳಕ್ಕಿ

ನಮ್ಮ ಮನೆಯ ಕೆಳಗಿನ ಮುಂಗೋಣೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಅದನ್ನು ನಡೆಸುವವರು ನನ್ನ ದೊಡ್ಡತ್ತೆ, ಅಂದರೆ ನನ್ನ ಅತ್ತೆಯ ಓರಗಿತ್ತಿ. ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರೇ ಇರುತ್ತಾರೆ. ಮಹಡಿಯ ಮೇಲೆ ನಾವು: ಅತ್ತೆ, ನಾನು, ಅಚ್ಚುಕೂಟದಲ್ಲಿ ಪಾಳಿಯ ಕೆಲಸ ಮಾಡುವ ನನ್ನ ಗಂಡ, ಮತ್ತೆ ನಿದ್ದೆಯಲ್ಲೂ ಮಾತು ನಿಲ್ಲಿಸದ ನಮ್ಮ ಮಗಳು ಗುಬ್ಬಿ.

ಬೀದಿಯವರೆಲ್ಲ ದೊಡ್ಡತ್ತೆಯನ್ನು ಬೆಳ್ಳಕ್ಕಿ ಎನ್ನುತ್ತಾರೆ. ಆ ಅಡ್ಡಹೆಸರು ಇಟ್ಟವರು ಅವರ ಅತ್ತೆಯೇ, ನನ್ನ ಮದುವೆಗೆ ಮುಂಚೆ ತೀರಿಕೊಂಡ ಹಿರಿಯಜ್ಜಿ. ಇಟ್ಟದ್ದು ಸರಿಯಾಗಿಯೇ ಇದೆ. ತೆಳ್ಳಗಿನ ಮೈ, ಉದ್ದ ಕತ್ತು, ಸುತ್ತ ಯಾವಾಗಲೂ ಬಿಳಿ ಬಟ್ಟೆಯ ರಾಶಿ. ಇಸ್ತ್ರಿ ಮಾಡುವಾಗ ಒಂದೇ ಕಾಲ ಮೇಲೆ ನಿಂತು ಇನ್ನೊಂದನ್ನು ಮೇಜಿನ ಅಡ್ಡಪಟ್ಟಿಗೆ ಏರಿಸಿಕೊಂಡಿರುತ್ತಾರೆ. ಗಂಟೆಗಟ್ಟಲೆ ಹಾಗೆ ನಿಲ್ಲಬಲ್ಲರು. ಕಾಲು ನೋಯುವುದಿಲ್ಲವಾ ಎಂದು ಕೇಳಿದರೆ, "ಯಾವ ಕಾಲಿನ ವಿಷಯ ಕೇಳ್ತಿದೀಯ, ಇದಾ, ಅದಾ?" ಎನ್ನುತ್ತಾರೆ.

ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿಗೆ ಹಾಸುವ ಉದ್ದನೆಯ ಬಿಳಿ ಬಟ್ಟೆಯನ್ನು ಒಗೆಯುವವರೂ ಅವರೇ. ಅಂಚಿನಲ್ಲಿ ಗೋಧಿಯ ತೆನೆ, ದ್ರಾಕ್ಷಿಯ ಗೊಂಚಲು, ಎಲ್ಲ ಬಿಳಿ ದಾರದಲ್ಲೇ. ಹಿರಿಯಜ್ಜಿ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ಹಾಕಿದ ಕಸೂತಿ ಅದು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ ಮುಗಿದ ಮೇಲೆ ಬಟ್ಟೆ ಬುಟ್ಟಿಯಲ್ಲಿ ನಮ್ಮ ಮನೆಗೆ ಬರುತ್ತದೆ. ಪಾತ್ರೆ ಇಟ್ಟ ಜಾಗದಲ್ಲಿ ದ್ರಾಕ್ಷಾರಸದ ಕೆಂಪು ಉಂಗುರ ಮೂಡಿರುತ್ತದೆ. ದೊಡ್ಡತ್ತೆ ಅದನ್ನು ಮಗುಚಿ ಹಿಡಿದು ಹಿಂಬದಿಯಿಂದ ತಣ್ಣೀರು ಸುರಿಯುತ್ತಾರೆ. ಬಂದ ದಾರಿಯಲ್ಲೇ ಕಲೆ ವಾಪಸ್ಸು ಹೋಗಬೇಕು ಎನ್ನುವುದು ಅವರ ಲೆಕ್ಕ. ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಕೂದಲೆಳೆಯಷ್ಟು ಹಳದಿ ಕಂಡರೂ ಮತ್ತೆ ನೀರಿಗೆ. ಪೂರ್ತಿ ಹೋಗುವವರೆಗೆ ಇಸ್ತ್ರಿ ಹತ್ತಿರವೂ ಸುಳಿಯಬಾರದು.

"ಕಲೆ ಇರುವಾಗ ಬಿಸಿ ತಾಗಿಸಿದ್ರೆ ಮುಗೀತು," ಎಂದು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. "ಆಮೇಲೆ ಅದು ಕಲೆಯಲ್ಲ, ಬಟ್ಟೇನೇ ಆಗಿಬಿಡುತ್ತೆ."

ಇಷ್ಟು ಜೋಪಾನದಿಂದ ಆ ಬಟ್ಟೆಯನ್ನು ಸಿದ್ಧಪಡಿಸುವ ದೊಡ್ಡತ್ತೆ, ನಾನು ಈ ಮನೆಗೆ ಬಂದಾಗಿನಿಂದ ಒಂದು ಸಲವೂ ಆ ಮೇಜಿನ ಹತ್ತಿರ ಹೋಗಿರಲಿಲ್ಲ.

ಅವರು ಕೂರುವುದು ಕೊನೆಯ ಬೆಂಚಿನಲ್ಲಿ. ಗುಬ್ಬಿಯ ಗಲಾಟೆಗೆ ಹೆದರಿ ನಾನೂ ಅಲ್ಲೇ ಕೂರುತ್ತೇನೆ. ನನ್ನ ಅತ್ತೆ ಮುಂದಿನಿಂದ ಮೂರನೆಯ ಸಾಲು. ಪಾದ್ರಿಗಳು ರೊಟ್ಟಿ ಮುರಿದು, ಪಾತ್ರೆ ಎತ್ತಿ, ಎರಡೂ ಕೈ ಅಗಲಿಸಿ "ಹಸಿದವರೆಲ್ಲ ಬನ್ನಿ" ಎನ್ನುತ್ತಾರೆ. ಬೆಂಚಿನಿಂದ ಬೆಂಚಿಗೆ ಜನ ಎದ್ದು ಮುಂದೆ ಹೋಗಿ ಮೊಣಕಾಲೂರುತ್ತಾರೆ. ನಮ್ಮ ಸಾಲಿನ ಸರದಿ ಬಂದಾಗ ದೊಡ್ಡತ್ತೆ ನನ್ನ ಕಡೆ ಕೈ ಚಾಚುತ್ತಾರೆ. "ಮಗೂನ ಕೊಡು. ನೀನು ಹೋಗಿ ಬಾ."

ಮೊದಮೊದಲು ನನಗೆ ಅದು ದೊಡ್ಡ ಉಪಕಾರ ಅನ್ನಿಸಿತ್ತು. ಎಳೆಗೂಸನ್ನು ಕಟ್ಟಿಕೊಂಡವಳಿಗೆ ಹತ್ತು ನಿಮಿಷ ಕೈ ಖಾಲಿಯಾದರೂ ಸಾಕು, ಯಾಕೆ ಕೊಡುತ್ತಾರೆ ಎಂದು ಯೋಚಿಸುವ ವ್ಯವಧಾನ ಇರುವುದಿಲ್ಲ. ಗುಬ್ಬಿಗೆ ಮಾತು ಬಂದ ಮೇಲೆ ವಿಷಯ ಹೊರಬಿತ್ತು. ಒಂದು ಭಾನುವಾರ ನಾನು ವಾಪಸ್ಸು ಬಂದು ಕೂರುವಾಗ ಅವಳು ದೊಡ್ಡತ್ತೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೇಳುತ್ತಿದ್ದಳು.

"ದೊಡ್ಡಜ್ಜಿ, ನಿಂಗೆ ಕೊಡಲ್ವಾ ಅವ್ರು?"

"ಕೊಡ್ತಾರೆ ಕಣೆ."

"ಮತ್ತೆ ನಿಂಗೆ ಬೇಡ್ವಾ?"

"ಬೇಕು."

ಆ "ಬೇಕು" ಮಗುವಿಗೆ ಹೇಳಿದ ಹಾಗಿರಲಿಲ್ಲ. ಅವರ ಕಣ್ಣು ಮುಂದಿನ ಮೇಜಿನ ಮೇಲಿತ್ತು. ಯಾರದೋ ಮನೆಯ ಬಾಗಿಲು ತೆರೆದು, ಒಳಗೆ ಎಲ್ಲರೂ ಊಟಕ್ಕೆ ಕೂತಿರುವುದನ್ನು ಬೀದಿಯಲ್ಲಿ ನಿಂತು ನೋಡುವವರ ಹಾಗೆ ನೋಡುತ್ತಿದ್ದರು.

ಮರುದಿನ ಬುಟ್ಟಿ ಬಂತು. ಬಟ್ಟೆ ಬಿಡಿಸಿದಾಗ ಮಡಿಕೆಗಳಲ್ಲಿ ರೊಟ್ಟಿಯ ಚೂರುಗಳು ಸಿಕ್ಕಿಕೊಂಡಿರುತ್ತವೆ. ದೊಡ್ಡತ್ತೆ ಅವನ್ನು ಬೀದಿಗೆ ಕೊಡವುವುದಿಲ್ಲ, ಕಿಟಕಿಯ ಹೊರಗಿನ ಹೂಕುಂಡಕ್ಕೆ ಕೊಡವುತ್ತಾರೆ. ನಾನು ಬಾಗಿಲ ಬಳಿ ಕೂತು ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಒಂದು ಚೂರು ಅವರ ಬೆರಳ ತುದಿಗೆ ಅಂಟಿಕೊಂಡಿತು. ಅವರು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ತುಟಿ ಸ್ವಲ್ಪ ಬಿಚ್ಚಿತು. ಆಮೇಲೆ ಬೆರಳನ್ನು ಹೂಕುಂಡದ ಮಣ್ಣಿಗೆ ಮೆಲ್ಲಗೆ ಒತ್ತಿ, ಏನೂ ಆಗದವರಂತೆ ನಲ್ಲಿ ತಿರುಗಿಸಿದರು.

ಆಗಲೇ ನಾನು ಕೇಳಿದ್ದು. ಸುತ್ತಿಬಳಸುವುದು ನನಗೆ ಬರುವುದಿಲ್ಲ.

"ಯಾಕೆ ಹೋಗಲ್ಲ ದೊಡ್ಡತ್ತೆ?"

"ಒಳಗೆ ಕಲೆ ಇದೆ," ಅಂದರು. "ಇನ್ನೂ ಬಿಟ್ಟಿಲ್ಲ. ಅದನ್ನಿಟ್ಟುಕೊಂಡು ಆ ಮೇಜಿಗೆ ಹೋಗೋದು ಅಂದ್ರೆ ಕಲೆ ಮೇಲೆ ಇಸ್ತ್ರಿ ಇಟ್ಟ ಹಾಗೆ. ಅಲ್ಲೇ ಸುಟ್ಟು ಕೂತುಬಿಡುತ್ತೆ, ಜನ್ಮಕ್ಕೂ ಹೋಗಲ್ಲ. ಚಿಕ್ಕವಳಿದ್ದಾಗ ಚರ್ಚಿನ ಪಾಠದಲ್ಲಿ ಹೇಳಿಕೊಟ್ಟಿದ್ರಲ್ಲ, ತನ್ನನ್ನು ತಾನು ಪರೀಕ್ಷೆ ಮಾಡ್ಕೊಳ್ದೆ ಆ ರೊಟ್ಟಿ ತಿನ್ನಬಾರದು ಅಂತ. ನಾನು ಪ್ರತಿ ತಿಂಗಳೂ ಬೆಳಕಿಗೆ ಹಿಡಿದು ನೋಡ್ತೀನಿ. ಹಾಗೇ ಇದೆ."

ಯಾವ ಕಲೆ ಎಂದು ನಾನು ಕೇಳಬೇಕಾಗಿರಲಿಲ್ಲ. ಅದು ಮನೆಮಂದಿಗೆಲ್ಲ ಗೊತ್ತಿದ್ದದ್ದೇ.

ಹಿರಿಯಜ್ಜಿ ಕೊನೆಯ ದಿನಗಳನ್ನು ಕಳೆದದ್ದು ಮಹಡಿಯ ಮೇಲೆ, ಬೀದಿಯ ಕಡೆಯ ಕಿಟಕಿಯ ಪಕ್ಕದ ಮಂಚದಲ್ಲಿ. ಮೈ ಒರೆಸಿ, ಹಾಸಿಗೆ ಬದಲಿಸಿ, ಚಮಚದಲ್ಲಿ ಗಂಜಿ ಕುಡಿಸಿ ವರ್ಷಗಟ್ಟಲೆ ನೋಡಿಕೊಂಡವರು ದೊಡ್ಡತ್ತೆ. ಒಂದು ಶನಿವಾರ ಮೇಜಿನ ಬಟ್ಟೆಯ ಇಸ್ತ್ರಿ ಬಾಕಿ ಇತ್ತು, ಮರುದಿನ ಪ್ರಭುಭೋಜನ. ಹಿರಿಯಜ್ಜಿಯ ಉಸಿರು ಒಂಥರಾ ಇತ್ತು. ದೊಡ್ಡತ್ತೆ ನನ್ನ ಅತ್ತೆಯನ್ನು ಮಂಚದ ಹತ್ತಿರ ಕೂರಿಸಿ, "ಏನಾದ್ರೂ ಅನ್ನಿಸಿದ್ರೆ ಕಿಟಕಿಯಿಂದ ಒಂದು ಕೂಗು ಹಾಕು, ಓಡಿ ಬರ್ತೀನಿ" ಎಂದು ಹೇಳಿ ಕೆಳಗಿಳಿದರು. ಕೂಗು ಬರಲಿಲ್ಲ. ಇಸ್ತ್ರಿ ಮುಗಿಸಿ ಹತ್ತಿಬಂದಾಗ ಹಿರಿಯಜ್ಜಿ ಹೋಗಿಯಾಗಿತ್ತು.

ಕೂಗಲು ಸಮಯ ಸಿಗಲಿಲ್ಲ ಎಂದರು ಅತ್ತೆ. ದೊಡ್ಡತ್ತೆ ನಂಬಲಿಲ್ಲ. ಅದಾದ ಮೇಲೆ ಬಂದ ಪ್ರಭುಭೋಜನದ ದಿನ ದೊಡ್ಡತ್ತೆ ಎಲ್ಲರಂತೆ ಎದ್ದು ಅರ್ಧ ದಾರಿ ನಡೆದರಂತೆ. ಮುಂದೆ ಮೊಣಕಾಲೂರಿದ್ದ ಓರಗಿತ್ತಿಯ ಬೆನ್ನು ಕಂಡಿತಂತೆ. ಒಳಗೆದ್ದ ಕೋಪಕ್ಕೆ ತಾವೇ ಹೆದರಿ ಹಿಂದಿರುಗಿ ಬಂದು, ಸಿಕ್ಕಿದ ಬೆಂಚಿನಲ್ಲಿ ಕೂತುಬಿಟ್ಟರಂತೆ. ಅದು ಕೊನೆಯ ಬೆಂಚು. ಅಲ್ಲಿಂದ ಅವರು ಎದ್ದಿರಲಿಲ್ಲ.

ಹಾಗಂತ ಇಬ್ಬರೂ ಮಾತು ಬಿಟ್ಟಿದ್ದರು ಎನ್ನುವಂತಿರಲಿಲ್ಲ. ಮಾತೆಲ್ಲ ನನ್ನ ಮೇಲೆ ಹಾದು ಹೋಗುತ್ತಿತ್ತು. ಇಬ್ಬರೂ ಒಂದೇ ಮೆಟ್ಟಿಲ ಬಳಿ ನಿಂತಿದ್ದಾಗಲೂ ಅಷ್ಟೇ. "ನಿಮ್ಮತ್ತೆಗೆ ಹೇಳು, ನೀರು ಬಂದಿದೆ ಅಂತ." "ನಿಮ್ಮ ದೊಡ್ಡತ್ತೆಗೆ ಹೇಳು, ಗೊತ್ತಾಯ್ತು ಅಂತ." ನಾನು ನಡುವೆ ಬಕೆಟ್ಟು ಹಿಡಿದುಕೊಂಡು ನಿಂತಿರುತ್ತಿದ್ದೆ. ಗುಬ್ಬಿಗೆ ಮಾತು ಬಂದ ಮೇಲೆ ಆ ಕೆಲಸ ಅವಳಿಗೂ ಹಂಚಿಹೋಗಿ ನನಗೆ ಸ್ವಲ್ಪ ಬಿಡುವು ಸಿಕ್ಕಿತು.

ಪಾದ್ರಿಗಳೂ ಸುಮ್ಮನಿರಲಿಲ್ಲ. ಒಮ್ಮೆ ತಮ್ಮ ಬಿಳಿ ನಿಲುವಂಗಿ ಕೊಡಲು ಬಂದವರು ಅಂಗಡಿಯ ಮುಂದೆಯೇ ನಿಂತರು.

"ಏನಮ್ಮ, ಮೇಜಿನ ಬಟ್ಟೆ ಕಳಿಸ್ತೀರಿ, ನೀವು ಮಾತ್ರ ಬರಲ್ಲ."

"ಬರ್ತೀನಿ ಪಾದ್ರಿಗಳೇ. ನೆನೆ ಹಾಕಿದೀನಿ, ಬಿಡಬೇಕಲ್ಲ."

"ಏನನ್ನ?"

"ಮನಸ್ಸನ್ನ."

ಅವರು ನಕ್ಕರು. ದೊಡ್ಡತ್ತೆ ನಗದೇ ಇದ್ದದ್ದು ನೋಡಿ ನಿಲ್ಲಿಸಿದರು. "ಇಷ್ಟು ವರ್ಷ ನೆನೆ ಹಾಕಿದ್ರೆ ಬಟ್ಟೆ ಕೊಳೆತು ಹೋಗಲ್ವಾ? ಬೈಬಲ್ಲಲ್ಲಿ ಪರೀಕ್ಷೆ ಮಾಡ್ಕೊಂಡು ಬನ್ನಿ ಅಂತ ಇರೋದು ಅಮ್ಮ. ಪರೀಕ್ಷೆ ಮಾಡ್ಕೊಂಡು ಕೂತಿರಿ ಅಂತ ಇಲ್ಲ."

"ನಿಮ್ಮ ಕಾಲರ್ ನೋಡಿ, ಬೆವರಿನ ಗೆರೆ ಕೂತಿದೆ," ಅಂದರು ದೊಡ್ಡತ್ತೆ. "ಗುರುವಾರ ಬನ್ನಿ."

ಮಾತು ತಮ್ಮ ಹತ್ತಿರ ಬಂದಾಗಲೆಲ್ಲ ಬಟ್ಟೆಯ ಹಿಂದೆ ಅಡಗುವುದು ಅವರ ರೂಢಿ. ಕೊನೆಗೆ ಸಿಕ್ಕಿಬಿದ್ದದ್ದೂ ಒಂದು ಬಟ್ಟೆಯಿಂದಲೇ.

ಪ್ರಭುಭೋಜನಕ್ಕೆ ಇನ್ನು ಕೆಲವೇ ದಿನ ಇತ್ತು. ಬೆಳಗಿನ ಹೊತ್ತು ನಾನು ಕೆಳಗೆ ಗುಂಡಿಗಳ ಡಬ್ಬಿ ತೆರೆದುಕೊಂಡು ಕೂತಿದ್ದೆ, ಗುಬ್ಬಿ ಒಗೆಯುವ ಬಟ್ಟೆಯ ರಾಶಿಯಲ್ಲಿ ಮುಳುಗಿ ಆಡುತ್ತಿದ್ದಳು. ಬೀದಿಯ ಮೂಲೆಯ ಔಷಧಿ ಅಂಗಡಿಯವರು ಬಂದರು. ಕಂಕುಳಲ್ಲಿ ಪೇಪರಿನ ಕಟ್ಟು. ಆಚೀಚೆ ನೋಡಿ ಮೇಜಿನ ಮೇಲಿಟ್ಟರು.

"ಒಂದು ಸಣ್ಣ ಕಲೆ."

ದೊಡ್ಡತ್ತೆ ಬಿಡಿಸಿದರು. ತಿಳಿ ನೀಲಿ ಅಂಗಿ, ಹೊಸದು. ಎದೆಯ ಮೇಲೆ ಅಂಗೈ ಅಗಲದ ಕಂದು, ಸುತ್ತ ಹಳದಿ, ನಡುವೆ ಮಿರಮಿರ ಹೊಳಪು.

"ಕಾಫಿ."

"ಹ್ಞೂ."

"ಆಮೇಲೆ ಏನು ಮಾಡಿದ್ರಿ?"

"ಏನೂ ಮಾಡಿಲ್ಲ."

"ನೀವು ಹೇಳದಿದ್ರೆ ಅಂಗಿ ಹೇಳುತ್ತೆ. ಬಿಸಿನೀರು ಹಾಕಿದ್ರಿ."

"ಸ್ವಲ್ಪ."

"ಸೋಪು ಹಚ್ಚಿ ಬ್ರಷ್ಷಲ್ಲಿ ಉಜ್ಜಿದ್ರಿ. ಪಾತ್ರೆ ತಿಕ್ಕೋ ಬ್ರಷ್ಷು."

ಅವರು ನನ್ನ ಕಡೆ ನೋಡಿದರು. ನಾನು ಗುಂಡಿಯ ಡಬ್ಬಿಯೊಳಗೆ ಮುಖ ಹಾಕಿದೆ.

"ಆಮೇಲೆ ಇಸ್ತ್ರಿ ಬೇರೆ ಇಟ್ರಿ."

"ಹೆಂಡತಿ ತಂಗಿ ಮನೆಗೆ ಹೋಗಿದ್ಲು. ಅವಳೇ ಕೊಡಿಸಿದ ಅಂಗಿ. ಬರೋದ್ರೊಳಗೆ ಒಣಗಲಿ ಅಂತ..."

"ಅಲ್ಲ ಸ್ವಾಮಿ, ನನ್ನ ಅಂಗಡಿ ಏನು ಸಮುದ್ರದಾಚೆ ಇದೆಯಾ? ಚೆಲ್ಲಿದ ತಕ್ಷಣ ತಂದು ಎಸೆದು ಹೋಗಿದ್ರೆ ನಿಮ್ಮ ಹೆಂಡತಿಗೆ ಇರಲಿ, ನನಗೇ ಗೊತ್ತಾಗ್ತಿರ್ಲಿಲ್ಲ ಎಲ್ಲಿ ಕಲೆ ಇತ್ತು ಅಂತ. ಯಾಕೆ ತರ್ಲಿಲ್ಲ?"

"ಅಷ್ಟು ಗಲೀಜು ಮಾಡ್ಕೊಂಡು ಹೇಗೆ ತರೋದು ಅಂತ ನಾಚಿಕೆ ಆಯ್ತು. ಸ್ವಲ್ಪ ಚೊಕ್ಕ ಮಾಡ್ಕೊಂಡು ತರೋಣ ಅಂದ್ಕೊಂಡೆ."

"ನಾಚಿಕೆ ಪಡೋಕೆ ನಾನೇನು ನಿಮ್ಮ ಮಾವನಾ? ಒಗೆಯೋಕೆ ಕೊಡೋದನ್ನ ಯಾರಾದ್ರೂ ಚೊಕ್ಕ ಮಾಡ್ಕೊಂಡು ತರ್ತಾರಾ? ಚೊಕ್ಕ ಇದ್ರೆ ನನ್ನ ಹತ್ರ ನಿಮಗೇನು ಕೆಲಸ? ನಾನಿರೋದು..."

ಮಾತು ಅಲ್ಲಿಗೆ ನಿಂತಿತು. ದೊಡ್ಡತ್ತೆ ಅಡ್ಡಪಟ್ಟಿಯ ಮೇಲಿದ್ದ ಕಾಲನ್ನು ಕೆಳಗಿಳಿಸಿ ಎರಡೂ ಕಾಲ ಮೇಲೆ ನಿಂತರು.

ಔಷಧಿ ಅಂಗಡಿಯವರು ಸ್ವಲ್ಪ ಕಾದು, "ಹೋಗುತ್ತಾ ಇದು?" ಎಂದರು.

"ಇಟ್ಟು ಹೋಗಿ. ನೋಡ್ತೀನಿ."

ಅವರು ಹೋದ ಮೇಲೂ ದೊಡ್ಡತ್ತೆ ಅಂಗಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.

"ಈಗ ನಾನೇನಂದೆ ಅವನಿಗೆ?" ಎಂದು ನನ್ನನ್ನು ಕೇಳಿದರು.

"ಚೊಕ್ಕ ಇದ್ರೆ ನನ್ನ ಹತ್ರ ಏನು ಕೆಲಸ ಅಂದ್ರಿ."

"ನಾನೇ ಅಂದೆನಾ?"

"ನೀವೇ. ಇಲ್ಲಿ ಇನ್ಯಾರಿದ್ದಾರೆ?"

"ಇಷ್ಟು ವರ್ಷ ಬಂದೋರಿಗೆಲ್ಲ ಅದನ್ನೇ ಹೇಳ್ಕೊಂಡು ಬಂದಿದೀನಲ್ಲೇ," ಅಂದರು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತರು. "ನಿಮ್ಮತ್ತೆ ಮೇಲಿದ್ದಾಳಾ?"

ಹಿರಿಯಜ್ಜಿಯ ಮಣ್ಣಾದ ಮೇಲೆ ಅವರು ಆ ಮೆಟ್ಟಿಲು ಹತ್ತಿರಲಿಲ್ಲ. ನಾನು ಗುಬ್ಬಿಯನ್ನು ಬಟ್ಟೆಯ ರಾಶಿಯಿಂದ ಎಳೆದುಕೊಂಡು ಹಿಂದೆಯೇ ಹೋದೆ. ಬೇಡ ಅನ್ನಬಹುದು ಅಂದುಕೊಂಡೆ. ಅನ್ನಲಿಲ್ಲ.

ಅತ್ತೆ ಕಿಟಕಿಯ ಬೆಳಕಿನಲ್ಲಿ ತರಕಾರಿ ಹೆಚ್ಚುತ್ತಿದ್ದರು. ಮಂಚ ಇದ್ದ ಜಾಗದಲ್ಲಿ ಈಗ ಗುಬ್ಬಿಯ ತೊಟ್ಟಿಲಿದೆ. ಓರಗಿತ್ತಿಯನ್ನು ಬಾಗಿಲಲ್ಲಿ ಕಂಡು, ಚಾಕು ಕೈಯಲ್ಲಿರುವಂತೆಯೇ ಎದ್ದು ನಿಂತರು.

"ಅಕ್ಕ..."

"ಚಾಕು ಕೆಳಗಿಡು. ಜಗಳಕ್ಕೆ ಬಂದಿಲ್ಲ." ದೊಡ್ಡತ್ತೆ ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. "ಕ್ಷಮಿಸ್ತೀನಿ ಅಂತ ಹೇಳೋಕೂ ಬಂದಿಲ್ಲ. ಅದು ನನ್ನ ಕೈಲಿ ಇನ್ನೂ ಆಗ್ತಿಲ್ಲ. ಆಗಲಿ, ಆದ ಮೇಲೆ ಬಂದು ಹೇಳೋಣ ಅಂತ ಕಾದೆ. ಕಾದಷ್ಟೂ ಗಟ್ಟಿಯಾಗ್ತಿದೆ. ಅದಕ್ಕೇ ಇದ್ದದ್ದನ್ನ ಇದ್ದ ಹಾಗೇ ತಂದಿದೀನಿ. ಆವತ್ತು ನೀನು ಕೂಗ್ಲಿಲ್ಲ. ಈಗ್ಲೂ ಕೆಳಗೆ ಇಸ್ತ್ರಿ ಮಾಡುವಾಗ ಮೇಲೆ ಏನಾದ್ರೂ ಸದ್ದಾದ್ರೆ ಕೈ ನಿಲ್ಲುತ್ತೆ. ಈಗ ಕೂಗ್ತಾಳೆ, ಈಗ ಕೂಗ್ತಾಳೆ ಅಂತ."

ಅತ್ತೆ ಚಾಕುವನ್ನು ತರಕಾರಿಯ ಪಕ್ಕದಲ್ಲಿಟ್ಟರು. ಸಮಯ ಸಿಗಲಿಲ್ಲ ಎನ್ನುವ ಹಳೆಯ ಮಾತೇ ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

"ಸಮಯ ಇತ್ತು ಅಕ್ಕ," ಅಂದರು ಅತ್ತೆ.

ದೊಡ್ಡತ್ತೆ ತಲೆಯೆತ್ತಲಿಲ್ಲ.

"ಅತ್ತೆಮ್ಮ ಕಣ್ಣು ಬಿಟ್ರು. 'ಬೆಳ್ಳಕ್ಕಿ, ಬಂದ್ಯಾ?' ಅಂದ್ರು. ನಾನು ಕಿಟಕಿ ಕಡೆ ಹೋಗೋಕೆ ಎದ್ದೆ, ಆಣೆಗೂ ಎದ್ದೆ. ಅವರು ನನ್ನ ಕೈ ಹಿಡ್ಕೊಂಡ್ರು. ಈ ಮನೆಗೆ ಬಂದಾಗಿಂದ ಒಂದಿನಾನೂ ನನ್ನ ಕೈ ಹಿಡಿದವರಲ್ಲ ಅವರು. ನಿಮಗೆ ಗೊತ್ತು. ಅವರಿಗೆ ನೀವಂದ್ರೆ ನೀವೇ, ನಾನು ಏನೋ ಒಬ್ಬಳು ಇದ್ದೆ. 'ಹ್ಞೂ, ಬಂದೆ' ಅಂದುಬಿಟ್ಟೆ. ನಿಮ್ಮ ಹೆಸರಿಗೆ ನಾನು ಓಗೊಟ್ಟೆ. ಕೂಗಿದ್ರೆ ನೀವು ಬಂದುಬಿಡ್ತೀರಿ, ಅವರು ನನ್ನ ಕೈ ಬಿಟ್ಟುಬಿಡ್ತಾರೆ ಅನ್ನಿಸ್ತು. ಒಂದು ಸಲ ನಾನೇ ಆಗಿರೋಣ ಅನ್ನಿಸ್ತು ಅಕ್ಕ."

ಬೀದಿಯಲ್ಲಿ ಯಾವುದೋ ಸೈಕಲ್ಲು ಬೆಲ್ ಮಾಡುತ್ತಾ ಹೋಯಿತು.

"ಆಮೇಲೆ ಏನಂದ್ರು?" ದೊಡ್ಡತ್ತೆ ಕೇಳಿದರು.

"'ಇಸ್ತ್ರಿ ಆಯ್ತಾ?' ಅಂದ್ರು. 'ಆಯ್ತು' ಅಂದೆ. ಅಷ್ಟೇ. ಕೈ ತಣ್ಣಗಾಯ್ತು."

ದೊಡ್ಡತ್ತೆ ಎದ್ದರು. ತೊಟ್ಟಿಲಿನ ಕಟ್ಟಿನ ಮೇಲೆ ಅಂಗೈ ಇಟ್ಟು, ಬಟ್ಟೆಯ ಸುಕ್ಕು ತೆಗೆಯುವಂತೆ ಒಮ್ಮೆ ಸವರಿದರು.

"ಆಗಿರ್ಲಿಲ್ಲ," ಅಂದರು. "ಒಂದು ಅಂಚು ಬಾಕಿ ಇತ್ತು."

ಮೆಟ್ಟಿಲಿಳಿದು ಹೋದರು.

ಇನ್ನು ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಂಡಿದ್ದರೆ ಅದು ನನ್ನ ಪೆದ್ದುತನ. ಆಮೇಲಿನ ದಿನಗಳು ಮೊದಲಿಗಿಂತ ಬಿಗಿಯಾಗಿದ್ದವು. "ನಿಮ್ಮತ್ತೆಗೆ ಹೇಳು" ಕೂಡ ನಿಂತುಹೋಯಿತು. ದೊಡ್ಡತ್ತೆ ತಲೆ ತಗ್ಗಿಸಿಕೊಂಡು ಬಟ್ಟೆಯ ಮೇಲೆ ಬಟ್ಟೆ ಮುಗಿಸುತ್ತಿದ್ದರು. ಮೇಲೆ ಅತ್ತೆ ತಟ್ಟೆಯ ಮುಂದೆ ಕೂತು ಕೈ ಆಡಿಸಿ ಎದ್ದುಬಿಡುತ್ತಿದ್ದರು. ಶುಕ್ರವಾರ ಪಾತ್ರೆ ಒರೆಸುತ್ತಾ ನನಗೆ ಹೇಳಿದರು: "ಈ ಸಲ ನಾನು ಮುಂದೆ ಹೋಗಲ್ಲ."

"ಯಾಕೆ?"

"ಇಷ್ಟು ವರ್ಷ ಇದನ್ನ ಒಳಗೆ ಬಚ್ಚಿಟ್ಟುಕೊಂಡೇ ಹೋಗ್ತಿದ್ದೆ. ಪ್ರತಿ ಸಲ ರೊಟ್ಟಿ ಗಂಟಲಲ್ಲಿ ಒಂದು ಗಳಿಗೆ ನಿಂತು ಇಳಿಯೋದು. ಈಗ ಹೊರಗೆ ಬಂತು. ಯಾವ ಮುಖ ಇಟ್ಕೊಂಡು ಕೈ ಚಾಚಲಿ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಬ್ಬರು ಏಳುವ ಹೊತ್ತಿಗೆ ಇನ್ನೊಬ್ಬರು ಕೂತುಬಿಟ್ಟರೆ ಈ ಮನೆಯವರನ್ನು ಯಾರು ನಡೆಸಬೇಕು? ಗಂಡನಿಗೆ ಹೇಳಿದೆ. "ಅವರಿಬ್ಬರ ಮಧ್ಯೆ ಹೋಗ್ಬೇಡ, ನಿನ್ನನ್ನೂ ಬಟ್ಟೆ ಥರ ಮಡಿಚಿಟ್ಟುಬಿಡ್ತಾರೆ" ಎಂದು ಮಗ್ಗುಲು ಬದಲಾಯಿಸಿದರು.

ಶನಿವಾರ ಮಧ್ಯಾಹ್ನ ಮೇಜಿನ ಬಟ್ಟೆಯ ಸರದಿ. ಅದು ಉದ್ದ, ಒಬ್ಬರು ಇನ್ನೊಂದು ತುದಿ ಎತ್ತಿ ಹಿಡಿಯಬೇಕು. ನಾನು ಹಿಡಿದೆ. ದೊಡ್ಡತ್ತೆ ಗೋಧಿಯ ತೆನೆಗಳ ಮೇಲೆ ಇಸ್ತ್ರಿಯನ್ನು ಉಸಿರು ತಾಕಿಸಿದಷ್ಟು ಹಗುರವಾಗಿ ನಡೆಸುತ್ತಿದ್ದರು. ಪಾತ್ರೆ ಇಡುವ ಜಾಗಕ್ಕೆ ಬಂದಾಗ ಇಸ್ತ್ರಿಯನ್ನು ಪಕ್ಕಕ್ಕಿಟ್ಟು ಆ ಬಿಸಿ ಬಟ್ಟೆಯ ಮೇಲೆ ಅಂಗೈ ಇಟ್ಟರು. ಪ್ರತಿ ತಿಂಗಳೂ ಹಾಗೆ ಮಾಡುತ್ತಾರೆ. ಸುಕ್ಕು ಪರೀಕ್ಷಿಸುತ್ತಾರೆ ಎಂದೇ ನಾನು ತಿಳಿದಿದ್ದೆ.

"ಕೋಪ ಹೋಯ್ತಾ ದೊಡ್ಡತ್ತೆ?"

"ಎಲ್ಲಿ ಹೋಗುತ್ತೆ? ಅತ್ತೆಮ್ಮ ನನ್ನನ್ನೇ ಕೇಳಿದ್ರು ಅಂತ ಗೊತ್ತಾಗಿ ಇನ್ನೂ ಉರೀತಿದೆ. ಅವಳ ಕಷ್ಟ ಒಂದು ಕಣ್ಣಿಗೆ ಕಾಣುತ್ತೆ, ಇನ್ನೊಂದು ಕಣ್ಣು ಮುಚ್ಕೊಂಡೇ ಇದೆ."

"ಮತ್ತೆ ನಾಳೆ?"

ಅವರು ಗೋಡೆಯ ಮೊಳೆಯ ಕಡೆ ಗಲ್ಲ ತೋರಿಸಿದರು. ಔಷಧಿ ಅಂಗಡಿಯವರ ಅಂಗಿ ತೂಗುತ್ತಿತ್ತು. ಕಂದು ತಿಳಿಯಾಗಿತ್ತು, ಹಳದಿ ಹಾಗೇ ಇತ್ತು.

"ಅದು ಇನ್ನೂ ಹೋಗಿಲ್ಲ," ಅಂದರು. "ಆದ್ರೆ ತಂದು ಕೊಟ್ನಲ್ಲ. ಇನ್ನು ಅವನದಲ್ಲ, ನನ್ನ ಪಾಡು. ಆ ತುದಿ ಸ್ವಲ್ಪ ಎತ್ತಿ ಹಿಡಿ, ನೆಲಕ್ಕೆ ತಾಗ್ತಿದೆ."

ಭಾನುವಾರ ಚರ್ಚಿನಲ್ಲಿ ಸಣ್ಣ ಸದ್ದಾದರೂ ನಾನು ತಿರುಗಿ ನೋಡುತ್ತಿದ್ದೆ. ಅತ್ತೆ ತಮ್ಮ ಮೂರನೆಯ ಸಾಲಿನಲ್ಲಿ, ನಾವು ಕೊನೆಯಲ್ಲಿ. ಉಪದೇಶ ಮುಗಿಯಿತು, ಪ್ರಾರ್ಥನೆ ಮುಗಿಯಿತು. ಬಿಳಿ ಬಟ್ಟೆಯ ಮೇಲೆ ತಟ್ಟೆ, ಪಾತ್ರೆ. ಪಾದ್ರಿಗಳು ಕೈ ಅಗಲಿಸಿದರು. "ಹಸಿದವರೆಲ್ಲ ಬನ್ನಿ."

ಮೊದಲ ಸಾಲು ಎದ್ದಿತು, ಎರಡನೆಯದು ಎದ್ದಿತು. ಮೂರನೆಯ ಸಾಲಿನವರು ಎದ್ದು ಹೋಗುವಾಗ ಒಂದು ತಲೆ ಮಾತ್ರ ಬಾಗಿಕೊಂಡು ಅಲ್ಲೇ ಉಳಿಯಿತು. ಪಕ್ಕದವರು ಅವರ ಮೊಣಕಾಲು ದಾಟಿಕೊಂಡು ಹೋದರು. ನನ್ನ ಪಕ್ಕದಲ್ಲಿ ದೊಡ್ಡತ್ತೆಯೂ ಅದನ್ನು ನೋಡಿದರು.

ನಮ್ಮ ಸಾಲಿನ ಸರದಿ ಬಂತು. ರೂಢಿಯ ಮೇಲೆ ನಾನು ಗುಬ್ಬಿಯನ್ನು ಎತ್ತಿ ಅವರ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

"ಇವತ್ತು ನಿನ್ನ ಮಗೂನ ನೀನೇ ನೋಡ್ಕೋ," ಅಂದು ಎದ್ದರು.

ಎರಡೂ ಕಾಲ ಮೇಲೆ ಭಾರ ಹಾಕಿ, ಬೆಂಚುಗಳ ತುದಿಗಳನ್ನು ಒಂದೊಂದಾಗಿ ಮುಟ್ಟಿಕೊಂಡು ನಡೆದರು. ಅರ್ಧ ದಾರಿ ದಾಟಿದರು. ಮೂರನೆಯ ಸಾಲಿನ ಬಳಿ ನಿಂತರು. ಮೆಲ್ಲಗೆ ಮಾತಾಡಿದೆ ಎಂದು ಅವರು ಈಗಲೂ ವಾದಿಸುತ್ತಾರೆ, ಆದರೆ ಅಂಗಡಿಯಿಂದ ಬೀದಿಗೆ ಕೂಗಿ ಪಳಗಿದ ಗಂಟಲದು. ಇಡೀ ಚರ್ಚಿಗೆ ಕೇಳಿಸಿತು.

"ಏಳು."

"ಬೇಡ ಅಕ್ಕ. ನೀವು ಹೋಗಿ. ನಾನು ಯಾವ..."

"ಕೂಗ್ತಿದೀನಿ, ಕೇಳಿಸ್ತಿಲ್ವಾ? ನನ್ನ ಕಲೇನೂ ಹೋಗಿಲ್ಲ. ಹಾಗೇ ತಗೊಂಡು ಹೋಗೋಣ. ಏಳು."

ಅತ್ತೆ ಎದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟದೆ, ಒಂದು ಮೊಳದ ಅಂತರ ಬಿಟ್ಟುಕೊಂಡು ಹೋದರು. ಪಕ್ಕಪಕ್ಕದಲ್ಲಿ ಮೊಣಕಾಲೂರಿದರು. ನನಗೆ ಕಂಡದ್ದು ಎರಡು ಬೆನ್ನು ಮಾತ್ರ. ದೊಡ್ಡತ್ತೆಯ ಕೈ ಮೇಲೆದ್ದಾಗ ಮಣಿಕಟ್ಟಿನ ಹತ್ತಿರದ ಹಳೆಯ ಇಸ್ತ್ರಿಯ ಗಾಯ ಕಂಡಿತು. ಪಾದ್ರಿಗಳು ಒಂದು ಕ್ಷಣ ತಡೆದರು, ಆಮೇಲೆ ಆ ಅಂಗೈಯ ಮೇಲೆ ರೊಟ್ಟಿಯ ತುಂಡನ್ನಿಟ್ಟರು. ಅದು ಬಾಯಿಗೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದರೆ, ಮತ್ತೆ ಹೂಕುಂಡ ಹುಡುಕುತ್ತಾರೋ ಎಂದು ನಾನು ಹೆದರಿದೆ. ಆಮೇಲೆ ಉದ್ದ ಕತ್ತು ಬಾಗಿತು.

ನನ್ನ ತೊಡೆಯ ಮೇಲೆ ಗುಬ್ಬಿ ಎದ್ದು ನಿಂತು ಎಲ್ಲ ನೋಡುತ್ತಿದ್ದಳು. ನನ್ನ ಗಲ್ಲ ಹಿಡಿದು ತಿರುಗಿಸಿಕೊಂಡಳು.

"ಅಮ್ಮಾ, ನಿಂಗೆ ಬೇಡ್ವಾ?"

"ಬೇಕು ಕಣೆ," ಅಂದೆ. ಪ್ರತಿ ತಿಂಗಳೂ ಹಾಲಿನವನ ಹತ್ತಿರ ಹಾಲು ಹಾಕಿಸಿಕೊಂಡು ಬಂದಷ್ಟು ಸಲೀಸಾಗಿ ನಾನು ಹೋಗಿ ಬರುತ್ತಿದ್ದ ಜಾಗ ಅದು. ಆ ಬೆಂಚಿನಲ್ಲಿ ಕೂತು ನೋಡಿದರೆ ಎಷ್ಟು ದೂರ ಕಾಣುತ್ತದೆ ಎನ್ನುವುದು ಅವತ್ತೇ ಗೊತ್ತಾದದ್ದು. ಬಟ್ಟೆಯ ಬಿಳುಪು ಮಾತ್ರ ಅಲ್ಲಿಯವರೆಗೂ ಬರುತ್ತಿತ್ತು.

ಮನೆಗೆ ನಡೆದು ಬರುವಾಗ ಇಬ್ಬರ ನಡುವೆ ಗುಬ್ಬಿ. ಬಿಸಿಲು ಏರಿತ್ತು. ಅತ್ತೆ ಅಳು ತಡೆದ ಮುಖ ಹೊತ್ತು ಮುಂದೆ ಮುಂದೆ ಹೋಗುತ್ತಿದ್ದರು.

"ಗುಬ್ಬಿ, ನಿಮ್ಮಜ್ಜಿಗೆ ಹೇಳು, ನಿಧಾನ ನಡೀಲಿ, ತಲೆ ಸುತ್ತುತ್ತೆ ಅಂತ," ಅಂದರು ದೊಡ್ಡತ್ತೆ.

"ಅಜ್ಜಿ ಇಲ್ಲೇ ಇದ್ದಾಳಲ್ಲ," ಅಂದಳು ಗುಬ್ಬಿ. "ನೀನೇ ಹೇಳು."

ದೊಡ್ಡತ್ತೆ ನನ್ನನ್ನು ನೋಡಿದರು. ನಾನು ಮರದ ಮೇಲೆ ಏನೋ ಇರುವಂತೆ ಆ ಕಡೆ ನೋಡಿದೆ.

"ನಿಧಾನ ನಡಿಯೇ," ಅಂದರು ದೊಡ್ಡತ್ತೆ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಅತ್ತೆ ನಿಧಾನ ಮಾಡಿದರು. ತಿರುಗಿ ನೋಡಲಿಲ್ಲ.

ಅಂಗಡಿಯ ಬಾಗಿಲಲ್ಲಿ ದೊಡ್ಡತ್ತೆ ಬೀಗ ತೆಗೆಯುವಾಗ ನನಗೆ ತಡೆಯಲಾಗಲಿಲ್ಲ. "ಮನಸ್ಸು ಹಗುರ ಆಯ್ತಾ ದೊಡ್ಡತ್ತೆ?"

ಅವರು ಕೀಲಿಕೈಯನ್ನು ಬೀಗದಲ್ಲೇ ಬಿಟ್ಟು ಯೋಚಿಸಿದರು. ಸುಳ್ಳು ಹೇಳುವ ಜಾತಿಯವರಲ್ಲ.

"ಇಲ್ಲ," ಅಂದರು. "ಹಸಿವು ಹೆಚ್ಚಾಗಿದೆ. ಮುಂದಿನ ತಿಂಗಳು ಯಾವಾಗ ಬರುತ್ತೋ ಅನ್ನಿಸ್ತಿದೆ."

ಒಳಗೆ ಹೋಗಿ ಮೊಳೆಯಿಂದ ಆ ನೀಲಿ ಅಂಗಿಯನ್ನು ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ತಣ್ಣೀರಿಗೆ ಹಾಕಿದರು.